ತೊಯ್ದ ಕಂಬಳಿ

ಮುದ್ದೇಬಿಹಾಳ
೩ ಜೂನ್ ೧೯೬೪

ಅವ್ವಾ,

ನಿನ್ನ ಮಗಳು ಅಬಿದಾಳ ಸಲಾಂ. ನಿನಗೆ ಕುರಾನ್ ಓದಲು ಬರುತ್ತದೆ, ಕನ್ನಡ ಬರುವುದಿಲ್ಲ. ಆದ್ದರಿಂದ ಇಂಡಿಯಲ್ಲಿ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಇದನ್ನು ನಿನಗೆ ಗಟ್ಟಿಯಾಗಿ ಓದಿ ಹೇಳುತ್ತಿರುವವರಿಗೂ ಸಲಾಂ. ಬಸವನ ಬಾಗೇವಾಡಿಯಲ್ಲಿ ನಾನು ಅಪ್ಪನ ನಾಟಕದ ಪರದೆಗೆ ಕೈ ಹಚ್ಚಿದ ದಿನದಿಂದ ಅವರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಎರಡು ವರ್ಷ ಎಂಟು ತಿಂಗಳಾಯಿತು. ನಿಕಾಹದ ದಿನವೂ ಆಡಲಿಲ್ಲ. ಆದರೆ ನನ್ನ ಪತ್ರ ಓದುವುದನ್ನು ಬಿಟ್ಟಿಲ್ಲ. ನಿನಗಾಗಿ ಓದುತ್ತೇನೆ ಎಂದು ಅವರು ಅಂದುಕೊಂಡಿರಲಿ, ನನ್ನ ತಕರಾರಿಲ್ಲ.

ಈ ಸಲ ನಿನ್ನಿಂದ ಒಂದು ಕೆಲಸ ಆಗಬೇಕು.

ಹೋದ ವರ್ಷ ನಿನ್ನ ಅಳಿಯ ಇಸಾಕ ಸೊಲ್ಲಾಪುರದ ಬಸ್ಸಿನಲ್ಲಿ ಯಾರೋ ಮರೆತುಹೋದ ಒಂದು ಇಂಗ್ಲಿಷ್ ಚಿತ್ರಕಥೆಯ ಪುಸ್ತಕ ತಂದುಕೊಟ್ಟರು. ಕಂಡಕ್ಟರನ ಹೆಂಡತಿಯಾದರೆ ಇಂಥ ಲಾಭಗಳಿವೆ. ಅದರಲ್ಲಿ ಒಬ್ಬ ಮನುಷ್ಯ ಬೆನ್ನಿಗೆ ಬಟ್ಟೆ ಕಟ್ಟಿಕೊಂಡು ಆಕಾಶದಲ್ಲಿ ಹಾರುತ್ತಾನೆ, ಬೀಳುವ ಸೇತುವೆಯನ್ನು ಹೆಗಲು ಕೊಟ್ಟು ಎತ್ತಿ ಹಿಡಿಯುತ್ತಾನೆ. ಒಂದಕ್ಷರ ತಿಳಿಯಲಿಲ್ಲ, ಕಥೆ ಪೂರ್ತಿ ತಿಳಿಯಿತು. ಚೌಕದಿಂದ ಚೌಕಕ್ಕೆ ಕಣ್ಣು ತಾನೇ ಹೋಗುತ್ತದೆ. ಎರಡು ಚೌಕಗಳ ನಡುವಿನ ಬಿಳಿ ಪಟ್ಟಿಯಲ್ಲಿ ಏನೂ ಬರೆದಿಲ್ಲ, ಆದರೂ ಅವನು ಜಿಗಿದದ್ದು ಅಲ್ಲಿಯೇ. ಹದಿನೈದು ದಿನ ನನಗೆ ಅದೇ ಗುಂಗು, ಎರಡು ಸಲ ಅನ್ನ ಸೀದುಹೋಯಿತು.

ಆಮೇಲೆ ನಾನೂ ಒಬ್ಬನನ್ನು ಹುಟ್ಟಿಸಿದೆ. ನಮ್ಮ ಕಡೆಯವನು. ದಿನವೂ ಕುರಿ ಕಾಯುತ್ತಾನೆ. ಅಜ್ಜನ ಕರಿ ಕಂಬಳಿ ಹೆಗಲೇರಿತೆಂದರೆ ಹಾರುತ್ತಾನೆ, ಹತ್ತಾಳಿನ ಬಲ ಬರುತ್ತದೆ. ಹೆಸರು ಕಂಬಳಿವೀರ. ಸಿಂದಗಿಯಲ್ಲಿ ಮುದ್ರಣಾಲಯ ಇಟ್ಟಿರುವ ಶಂಕರೆಪ್ಪನವರು ಇದನ್ನು ಪುಸ್ತಕ ಮಾಡಲು ಒಪ್ಪಿದ್ದಾರೆ. ಇಪ್ಪತ್ನಾಲ್ಕು ಪುಟದಲ್ಲಿ ಇಪ್ಪತ್ತೆರಡು ಅವರಿಗೆ ಹಿಡಿಸಿವೆ. ಜಗಳ ಇರುವುದು ನಡುವಿನ ಜೋಡಿಪುಟಕ್ಕೆ.

ಪುಸ್ತಕ ತೆರೆದಷ್ಟು ಅಗಲಕ್ಕೂ ಆರು ಉದ್ದನೆಯ ಚೌಕ, ಒಂದೇ ಸಾಲಿನಲ್ಲಿ. ಅದರಲ್ಲಿ ನಾನು ಒಂದೂ ಮಾತು ಹಾಕಿಲ್ಲ. ಶಂಕರೆಪ್ಪನವರು ಮೂಲಚಿತ್ರದ ಅಂಚಿನಲ್ಲಿ ನೀಲಿ ಪೆನ್ಸಿಲ್ಲಿನಿಂದ "ಇಲ್ಲಿ ಮಾತು ಬೇಕು" ಎಂದು ಬರೆದು ಹಿಂದಕ್ಕೆ ಕಳಿಸಿದ್ದಾರೆ. "ಮಾತಿಲ್ಲದಿದ್ರ ನಮ್ಮ ಮಂದಿಗೆ ತಿಳಿಯಂಗಿಲ್ಲವ್ವಾ" ಎನ್ನುತ್ತಾರೆ. ನಾನು ಒಪ್ಪದಿದ್ದರೆ ಆ ಪುಟವನ್ನು ಬೇರೆಯವರಿಂದ ಬರೆಸುತ್ತಾರಂತೆ. ಆ ಪುಟವೇ ನನ್ನ ಪುಸ್ತಕ ಅವ್ವಾ. ಅದು ಹೋದರೆ ಉಳಿದದ್ದು ಬರೀ ಕಾಗದ.

ಮೂಲಚಿತ್ರವನ್ನು ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ಅದು ಅಚ್ಚಿನ ಪುಟಕ್ಕಿಂತ ಎರಡು ಪಟ್ಟು ದೊಡ್ಡದು, ಬ್ಲಾಕು ಮಾಡುವಾಗ ಸಣ್ಣದಾಗುತ್ತದೆ. ನೀನು ನೋಡಿ ಅದರಲ್ಲಿ ಏನು ನಡೆದಿದೆ ಹೇಳು. ನೀನು ಹೇಳಿದ್ದನ್ನು ಓದುವವರು ಹಾಗೆಯೇ ಬರೆದು ಕಳಿಸಲಿ. ನಡುವೆ ಬಾಯಿ ಹಾಕಬಾರದೆಂದು ಅವರಿಗೆ ತಾಕೀತು ಮಾಡು.

ನಿನ್ನ
ಅಬಿದಾ


ಇಂಡಿ
೧೪ ಜೂನ್ ೧೯೬೪

ಅಬಿದಾಳಿಗೆ ಅವಳ ತಾಯಿ ಜೈತುನಬಿಯ ದುವಾ. ಬರೆಯುವವನದು ಕೈ ಮಾತ್ರ.

ಚಿತ್ರ ಮುಟ್ಟಿತು. ನಿನ್ನ ತಾಯಿ ಅದನ್ನು ಚಾಪೆಯ ಮೇಲೆ ಇಟ್ಟುಕೊಂಡು, ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಅವಳು ಹೇಳಿದ್ದು ಹೇಳಿದ ಹಾಗೆ:

"ಈ ಕಂಬಳ್ಯಾವ ಎಂಥಾ ಕಟುಕ ಅದಾನ. ದಂಡಿ ಮ್ಯಾಲ ಹಡದಾಕಿ ನಿಂತಾಳ. ಆಕಿ ಕೈಯಾಗಿನ ಕೂಸ ಇಸ್ಕೊಂಡ. ಹೊಳ್ಯಾಗ ಇಳದ. ನಡುನೀರಾಗ ಕೂಸನ್ನ ಎತ್ತಿ ಆಡಸ್ಯಾನ. ಆಮ್ಯಾಲ ಆ ಕಡಿ ದಂಡ್ಯಾಗ ಬೀಳಾಕತ್ತಿದ್ದ ಮನಿ ಮಾಳಗಿ ಮ್ಯಾಲ, ತೊಟ್ಟಲದಾಗ ಹಾಕಿ, ತಾ ಒಬ್ಬನ ಹಾರಿ ಹ್ವಾದ. ಇಂಥಾವಂದು ಯಾಕ ಚಿತ್ರಾ ತಗದಾಳ ನಮ್ಮ ಅಬಿದಾ? ಆಕಿಗೇನರ ತ್ರಾಸ ಐತೇನು ಅಲ್ಲೆ?"

ಪಕ್ಕದ ಮನೆಯ ಲಕ್ಕವ್ವನನ್ನೂ ಕರೆದು ತೋರಿಸಲಾಯಿತು. ಅವಳಿಗೆ ಯಾವ ಅಕ್ಷರವೂ ಬರುವುದಿಲ್ಲ. ನಡುವಿನ ನೀರನ್ನೇ ನೋಡಿ "ಕೂಸಿಗೆ ಎರಿಯಾಕತ್ತಾನ" ಎಂದಳು. ಆಮೇಲೆ ತನ್ನ ಸೊಸೆಗೆ ಕೂಸಿಗೆ ನೀರು ಎರೆಯುವುದು ಹೇಗೆ ಬರುವುದಿಲ್ಲ ಎಂಬ ಕಥೆ ತೆಗೆದಳು. ಅದು ಮುಗಿಯುವ ಹೊತ್ತಿಗೆ ಚಹಾ ಎರಡು ಸಲ ಆಯಿತು.

ಇಷ್ಟು ನಿನ್ನ ತಾಯಿಯದು. ಬರೆದವನ ಅಭಿಪ್ರಾಯವನ್ನು ಯಾರೂ ಕೇಳಿಲ್ಲ, ಅವನು ಹೇಳುವುದೂ ಇಲ್ಲ. ಕಾಗದದಲ್ಲಿ ಎರಡು ಗೆರೆಯಷ್ಟು ಜಾಗ ಉಳಿದಿದೆ, ದಂಡವಾಗಬಾರದೆಂದು ಒಂದು ಮಾತು. ಕಂಬಳಿ ರೇಷ್ಮೆಯಲ್ಲ.

ಜೈತುನಬಿ
(ಬರೆದವನ ಸಹಿ ಬೇಕಾಗಿಲ್ಲ)


ಮುದ್ದೇಬಿಹಾಳ
೨೨ ಜೂನ್ ೧೯೬೪

ಅವ್ವಾ,

ನನಗೆ ಇಲ್ಲಿ ಯಾವ ತ್ರಾಸವೂ ಇಲ್ಲ. ನೀನು ಹೇಳಿದ ಕಥೆ ಓದಿ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ನಿನ್ನ ಅಳಿಯ ಡ್ಯೂಟಿಗೆ ಹೋದರು, ನಾನು ಕೂತು ಅತ್ತೆ.

ನೀನು ಬಲಗಡೆಯಿಂದ ನೋಡುತ್ತ ಬಂದಿದ್ದೀ. ಕುರಾನ್ ಓದಿದ ಕಣ್ಣು ಬಲದಿಂದಲೇ ಹೊರಡುತ್ತದೆ. ನಾನು ಎಡದಿಂದ ಬರೆದಿದ್ದೆ. ಹೊಳೆ ಬಂದು ಮನೆ ಬೀಳುತ್ತಿದೆ, ಮಾಳಿಗೆಯ ಮೇಲೆ ತೊಟ್ಟಿಲಲ್ಲಿ ಕೂಸು ಸಿಕ್ಕಿಬಿದ್ದಿದೆ. ಕಂಬಳಿವೀರ ಆಕಾಶದಿಂದ ಇಳಿದು ಅದನ್ನು ಎತ್ತಿಕೊಂಡು, ಹೊಳೆ ದಾಟಿಸಿ, ಈ ದಂಡೆಯಲ್ಲಿ ಕಾಯುವ ತಾಯಿಗೆ ಕೊಡುತ್ತಾನೆ. ನಿನ್ನ ಕಣ್ಣಿಗೆ ಅವನು ಕೂಸುಗಳ್ಳನಾದ. ತಪ್ಪು ನಿನ್ನದಲ್ಲ, ನನ್ನದೇ. ತಿರುವಿ ಓದಿದರೂ ಒಂದು ಕಥೆ ನೆಟ್ಟಗೆ ಹೊರಡುತ್ತದೆ ಎಂದರೆ, ಮೊದಲು ಯಾವುದು ಕೊನೆ ಯಾವುದು ಎಂಬ ಗುರುತನ್ನೇ ನಾನು ಚಿತ್ರದಲ್ಲಿ ಇಟ್ಟಿಲ್ಲ.

ಶಂಕರೆಪ್ಪನವರಿಗೆ ಇನ್ನೊಂದು ಅವಕಾಶ ಕೊಡಿ ಎಂದು ಬರೆದಿದ್ದೆ. ಉತ್ತರ ಬಂದಿದೆ. ಆಗಸ್ಟ್ ಹದಿನೈದರೊಳಗೆ ಕನ್ನಡ ಓದಲು ಬಾರದ ಒಬ್ಬರನ್ನು ಅವರ ಮುದ್ರಣಾಲಯಕ್ಕೆ ಕರೆತರಬೇಕು. ಅವರೆದುರು ಆ ಮನುಷ್ಯ ಚಿತ್ರ ನೋಡಿ ಕಥೆಯನ್ನು ಸರಿಯಾಗಿ ಹೇಳಿದರೆ ಜೋಡಿಪುಟ ಮಾತಿಲ್ಲದೆ ಅಚ್ಚಾಗುತ್ತದೆ. ತಪ್ಪಿದರೆ ಬೇರೆಯವರ ಕೈಗೆ ಹೋಗುತ್ತದೆ. ಒಂದೇ ಸಲ.

ಕಂಬಳಿ ರೇಷ್ಮೆಯಲ್ಲ ಎಂದು ಬರೆದವರಿಗೆ: ಒಪ್ಪಿದೆ. ಹಾಗಾದರೆ ಅದು ಹೇಗಿರುತ್ತದೆ? ನಾನು ನಾಟಕದ ಪರದೆಗಳ ನಡುವೆ ಬೆಳೆದವಳು. ಕೊನೆಯ ಸಾಲಿನಲ್ಲಿ ಕೂತವನಿಗೂ ಹೊಳೆ ಯಾವ ಕಡೆ ಹರಿಯುತ್ತಿದೆ ಎಂದು ತಿಳಿಯಬೇಕು ಎಂದು ನನಗೆ ಒಬ್ಬರು ಕಲಿಸಿದ್ದರು. ಅವರನ್ನೇ ಕೇಳುತ್ತಿದ್ದೇನೆ.

ಅಬಿದಾ


ಇಂಡಿ
೯ ಜುಲೈ ೧೯೬೪

ಅಬಿದಾ,

ಈ ಪತ್ರ ನಿನ್ನ ತಾಯಿ ಹೇಳಿ ಬರೆಸಿದ್ದಲ್ಲ.

ನಿನ್ನ ಕಂಬಳಿಯ ಸಲುವಾಗಿ ನನ್ನ ಮರ್ಯಾದೆ ಬಾವಿಯ ಪಾಲಾಯಿತು, ಅದನ್ನು ಮೊದಲು ಕೇಳು. ಅಗರಖೇಡದ ಕುರುಬರ ಚಂದಪ್ಪ ಸಂತೆಗೆ ಬಂದಿದ್ದ. ಅವನನ್ನು ಕರೆದು, ಕಂಬಳಿ ಹೊದ್ದುಕೊಂಡು ಬಾವಿಯ ತೊಟ್ಟಿಯಲ್ಲಿ ಇಳಿ ಎಂದೆ.

"ಹುಚ್ಚ ನನಗ ಹಿಡದೈತೋ, ನಿಮಗ ಹಿಡದೈತೋ ಬಾಬುಲಾಲಸಾಬ್ರ?" ಎಂದ.

"ನನ್ನ ಮಗಳಿಗೆ ಬೇಕಾಗೈತಿ, ಇಳಿಯೋ" ಎಂದೆ. ನನ್ನ ಮಗಳಿಗೆ ಎಂಬ ಮಾತು ಬಾಯಿಂದ ಬಂದದ್ದು ನನಗೆ ಆಮೇಲೆ ಗೊತ್ತಾಯಿತು.

ಇಳಿದ. ಅರ್ಧ ಇಂಡಿ ನೋಡಲು ನೆರೆಯಿತು. ಒಣ ಕಂಬಳಿಗೆ ಗಾಳಿ ಬಂದರೆ ಅಂಚು ಮಾತ್ರ ಏಳುತ್ತದೆ, ನಡು ಬಾಗಿಲಿನ ಹಾಗೆ ಬಿಗಿದು ನಿಲ್ಲುತ್ತದೆ. ನೀರು ತಾಗಿದ ತಕ್ಷಣ ತೊಯ್ಯುವುದಿಲ್ಲ, ಹನಿಗಳು ಉಣ್ಣೆಯ ಮೇಲೆಯೇ ಕೂತಿರುತ್ತವೆ. ಆಮೇಲೆ ಕುಡಿಯಲು ಶುರು ಮಾಡಿತೆಂದರೆ ಬಿಡುವುದಿಲ್ಲ. ಪೂರ್ತಿ ತೊಯ್ದಾಗ ಚಂದಪ್ಪನ ಹೆಗಲು ನಾಲ್ಕು ಬೆರಳು ಕೆಳಗೆ ಇಳಿದಿತ್ತು, ಮೊಣಕಾಲು ಬಾಗಿತ್ತು. ಒಂದು ಮಡಿಕೆಯೂ ಇಲ್ಲದೆ ಕಂಬಳಿ ನೆಟ್ಟಗೆ ಜೋತುಬಿದ್ದಿತ್ತು. ಎಂಟು ಕಾಗದದ ಮೇಲೆ ಅದರ ಚಿತ್ರ ಬರೆದೆ, ಇದರ ಜೊತೆ ಇವೆ. ಚಂದಪ್ಪ ನಾಲ್ಕು ದಿನ ಸೀನಿದನಂತೆ.

ನೀನು ಹುಡುಕುವ ಗುರುತು ಇದರಲ್ಲೇ ಇದೆ. ಹೊಳೆಯೊಳಗೆ ನಡೆದವನ ಕಂಬಳಿ ಒಣಗುವುದಿಲ್ಲ. ಯಾವ ಕಡೆಯಿಂದಾದರೂ ಓದಲಿ, ಒಣ ಇದ್ದದ್ದು ಮೊದಲು, ತೊಯ್ದದ್ದು ಆಮೇಲೆ. ನೀನು ಮಳೆ ಬರೆದಿದ್ದೀ, ಅದನ್ನು ತೆಗೆ. ಮಳೆ ಬಂದರೆ ಎಲ್ಲರೂ ಮೊದಲೇ ತೊಯ್ದಿರುತ್ತಾರೆ. ಭೀಮಾ ನದಿ ತುಂಬಿ ಬಂದಾಗ ಅಗರಖೇಡದಲ್ಲಿ ಬಿಸಿಲಿರುತ್ತದೆ, ಮಳೆಯಾದದ್ದು ಎಲ್ಲೋ ಘಟ್ಟದಲ್ಲಿ. ಬಿಸಿಲನ್ನೇ ಬರೆ. ಬಿಸಿಲಿನಲ್ಲಿ ಬರುವ ಹೊಳೆ ಹೆಚ್ಚು ಹೆದರಿಸುತ್ತದೆ.

ಇನ್ನು ಆ ತಾಯಿ. ಅವಳ ಕೈ ಕೊಡುವ ಕೈಯೂ ಆಗಬಹುದು, ಇಸಿದುಕೊಳ್ಳುವ ಕೈಯೂ ಆಗಬಹುದು, ಹಾಗೆ ಬರೆದಿದ್ದೀ. ಕೂಸನ್ನು ಕೊಡುವವಳ ಮೈ ಹಿಂದಕ್ಕೆ ಜಗ್ಗುತ್ತದೆ. ಇಸಿದುಕೊಳ್ಳುವವಳು ದಂಡೆಯ ಮೇಲೆ ನಿಂತಿರುವುದಿಲ್ಲ, ನೀರಿಗೇ ಇಳಿದಿರುತ್ತಾಳೆ.

ಬೈದದ್ದಾಯಿತು. ನಿನ್ನ ಮೂಲಚಿತ್ರ ಒಂದು ತಿಂಗಳಿಂದ ನಮ್ಮ ಗೋಡೆಯ ಮೇಲಿದೆ. ಬೆಳಿಗ್ಗೆ ಎದ್ದ ಕೂಡಲೇ ಅದರ ಮುಂದೆ ಹೋಗಿ ನಿಲ್ಲುತ್ತೇನೆ. ಅಚ್ಚಿನಲ್ಲಿ ಕಾಣದ್ದೆಲ್ಲ ಅದರಲ್ಲಿ ಕಾಣುತ್ತದೆ. ಕುಂಚ ಎಲ್ಲಿ ಮಸಿ ತುಂಬಿಕೊಂಡು ಓಡಿದೆ, ಎಲ್ಲಿ ಮಸಿ ತೀರಿ ಕೂದಲು ಕೂದಲಾಗಿದೆ. ಆ ನೀರಿನ ಸುಳಿಯನ್ನು ಒಂದೇ ಉಸಿರಿನಲ್ಲಿ ಎಳೆದಿದ್ದೀ, ನಡುವೆ ಕೈ ಎತ್ತಿಲ್ಲ. ನನ್ನಿಂದ ಅದು ಆಗುತ್ತಿರಲಿಲ್ಲ. ಐದನೆಯ ಚೌಕದಲ್ಲಿ ಅವನ ಎಡಪಾದದ ಮೇಲೆ ಬಿಳಿ ಬಣ್ಣದ ಮೂರು ಪದರ ಇದೆ, ಬೆರಳು ಆಡಿಸಿದರೆ ಉಬ್ಬು ಸಿಗುತ್ತದೆ. ಮೂರು ಸಲ ಅಳಿಸಿ ನಾಲ್ಕನೆಯ ಸಲ ಬರೆದಿದ್ದೀ. ಪಾದದ ವಿಷಯದಲ್ಲಿ ನೀನು ಮೊದಲಿನಿಂದಲೂ ಹಟಮಾರಿ.

ಬಸವನ ಬಾಗೇವಾಡಿಯ ಮಾತು ನಾನು ತೆಗೆಯುವುದಿಲ್ಲ. ನೀನೂ ತೆಗೆಯಬೇಡ.

ಬಾಬುಲಾಲ


ಮುದ್ದೇಬಿಹಾಳ
೪ ಆಗಸ್ಟ್ ೧೯೬೪

ಅಪ್ಪಾ,

ಹೊಸ ಚಿತ್ರವನ್ನು ನಿಮ್ಮ ಅಳಿಯನ ಕೈಯಲ್ಲಿ ಕಳಿಸಿದ್ದೇನೆ. ಆರು ಚೌಕದಲ್ಲಿ ಕಂಬಳಿಗೆ ಆರು ಭಾರ. ಬಿಸಿಲಿದೆ. ತಾಯಿ ನೀರಿಗೆ ಇಳಿದಿದ್ದಾಳೆ. ಪಾದವನ್ನು ಈ ಸಲ ಎರಡೇ ಸಲ ಅಳಿಸಿದೆ.

ಸಿಂದಗಿಗೆ ನಾನೇ ಹೋಗಬೇಕಾಗಿತ್ತು, ಡಾಕ್ಟರು ಬಸ್ಸು ಹತ್ತಬೇಡ ಎಂದಿದ್ದಾರೆ. ಯಾಕೆಂದು ಅವ್ವನಿಗೆ ಇವರು ಹೇಳುತ್ತಾರೆ. ನೀವು ಹೋಗುತ್ತೀರಾ? ಹೋದರೆ ಲಕ್ಕವ್ವನನ್ನು ಕರೆದೊಯ್ಯಿರಿ. ಅವ್ವ ಬೇಡ. ಅವ್ವನ ಕಣ್ಣು ನಲವತ್ತು ವರ್ಷದಿಂದ ಬಲಗಡೆಯಿಂದಲೇ ನಡೆದುಬಂದಿದೆ, ನನ್ನ ಒಂದು ಕಂಬಳಿಗಾಗಿ ಅದು ತಿರುಗುವುದಿಲ್ಲ. ಸಿಕ್ಕಿರುವುದು ಒಂದೇ ಅವಕಾಶ.

ನೀವು ಬೇಡವೆಂದ ಮಾತನ್ನೂ ತೆಗೆಯುತ್ತೇನೆ. ಹೊಳೆಯ ಪರದೆಯ ಮೇಲೆ ನೀವು ಬರೆದ ಅಂಬಿಗನ ಪಾದ ಒಳಗೆ ತಿರುಗಿತ್ತು, ಅವನು ಈಗ ಬೀಳುತ್ತಾನೆ, ಆಗ ಬೀಳುತ್ತಾನೆ ಎಂಬಂತೆ ಕಾಣುತ್ತಿದ್ದ. ನೀವು ನಮಾಜಿಗೆ ಹೋದಾಗ ನಾನು ತಿದ್ದಿದೆ. ತಿದ್ದಿದ್ದು ತಪ್ಪಲ್ಲ, ಕೇಳದೆ ತಿದ್ದಿದ್ದು ತಪ್ಪು. ನಾಟಕ ಕಂಪನಿಯ ಮಾಲೀಕ ಚನ್ನಬಸಯ್ಯ ಎಲ್ಲರ ಮುಂದೆ "ಬಾಬುಲಾಲಾ, ನಿನಗಿಂತ ನಿನ್ನ ಮಗಳ ಕೈ ಚಲೋ ಐತಿ" ಎಂದಾಗ ನಾನು ನಕ್ಕೆ. ಮರುದಿನ ನೀವು ಅದರ ಮೇಲೆ ನಿಮ್ಮ ಬಣ್ಣ ಬಳಿದು ಮೊದಲಿನ ಪಾದವನ್ನೇ ಬರೆದಿರಿ. ಆ ನಗುವಿಗಾಗಿ ಕ್ಷಮೆ ಕೇಳುತ್ತೇನೆ, ಪಾದಕ್ಕಾಗಿ ಕೇಳುವುದಿಲ್ಲ.

ನಿಮ್ಮ ಮಗಳು
ಅಬಿದಾ


ಇಂಡಿ
೧೬ ಆಗಸ್ಟ್ ೧೯೬೪

ಅಬಿದಾ,

ನಿನ್ನ ಮಾತು ನಾನು ಕೇಳಲಿಲ್ಲ. ನಿನ್ನ ತಾಯಿಯನ್ನೇ ಕರೆದೊಯ್ದೆ. ಲಕ್ಕವ್ವ ಸರಿ ಹೇಳಿದರೆ ಶಂಕರೆಪ್ಪನವರು ಅದೃಷ್ಟ ಎನ್ನುತ್ತಾರೆ. ಬಲದಿಂದ ಓದುವ ಜೈತುನಬಿ ಸರಿ ಹೇಳಿದರೆ ಯಾರೂ ಬಾಯಿ ತೆಗೆಯುವಂತಿಲ್ಲ. ಹೊಸ ಚಿತ್ರವನ್ನು ಅವಳ ಕಣ್ಣಿಗೆ ಬೀಳದಂತೆ ಅಟ್ಟದ ಮೇಲೆ ಇಟ್ಟಿದ್ದೆ. ಜೂನ್ ಪತ್ರದಲ್ಲಿ ನೀನು ಕಥೆ ಬಿಡಿಸಿ ಬರೆದ ಸಾಲುಗಳನ್ನೂ ಅವಳಿಗೆ ಓದಿ ಹೇಳಿರಲಿಲ್ಲ.

ಶಂಕರೆಪ್ಪನವರು ಚಿತ್ರವನ್ನು ಉದ್ದನೆಯ ಮೇಜಿನ ಮೇಲೆ ಇಟ್ಟರು. ಯಂತ್ರ ನಿಲ್ಲಿಸಿ ಕೆಲಸದವರೂ ಬಂದು ಸುತ್ತ ನಿಂತರು. ನಿನ್ನ ತಾಯಿ ಕನ್ನಡಕ ಹಾಕಿಕೊಂಡು ಸೀದಾ ಮೇಜಿನ ಬಲತುದಿಗೇ ಹೋದಳು. ಲಕ್ಕವ್ವನನ್ನು ಕರೆತಂದಿದ್ದರೆ ಆಗುತ್ತಿತ್ತು ಎನಿಸಿತು. ಶಂಕರೆಪ್ಪನವರ ಮುಖ ನೋಡಲಾರದೆ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತೆ.

"ಹಡದಾಕಿ ನೀರಾಗ ನಿಂತಾಳ" ಎಂದಳು. "ಕೂಸು..." ಎಂದು ಅಲ್ಲಿಗೇ ನಿಂತಳು. ಬೆರಳು ಕಂಬಳಿಯ ಮೇಲೆ ಹೋಯಿತು. "ಇದು ಹನ್ಯಾಕತ್ತೈತಿ. ಹೆಗಲ ಜಗ್ಗೈತಿ. ಇಂವಾ ಎಲ್ಲಿ ತೊಯ್ಸಿಕೊಂಡ ಬಂದಾನ?"

ಅವಳು ಪಕ್ಕದ ಚೌಕ ನೋಡಿದಳು. "ಇಲ್ಲೂ ತೊಯ್ದೈತಿ." ಅದರಾಚೆಯದನ್ನು ನೋಡಿದಳು. ಹೀಗೆ ಮೇಜಿನ ಗುಂಟ ಒಂದೊಂದೇ ಹೆಜ್ಜೆ ಎಡಕ್ಕೆ ಸರಿಯುತ್ತ, ಕಳೆದ ಸಾಮಾನು ಹುಡುಕುವವರ ಹಾಗೆ ಹೋದಳು. ಎಡತುದಿಯಲ್ಲಿ ನಿಂತು ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು.

"ಇಲ್ಲಿ ಒಣಾ ಐತಿ. ಹಂಗಾರ ಇಂವಾ ಇಲ್ಲಿಂದ ಹೊಂಟಾನ. ತಡೀರಿ, ನಾ ತಪ್ಪ ಕಡಿಂದ ಬಂದೇನಿ."

ಆಮೇಲೆ ಅವಳನ್ನು ಹಿಡಿಯುವವರಿಲ್ಲ. "ಮನಿ ಬೀಳಾಕತ್ತೈತಿ. ಮಾಳಗಿ ಮ್ಯಾಲ ತೊಟ್ಟಲಾ. ಮ್ಯಾಲಿಂದ ಇಳದ ಬಂದ, ಕೂಸ ಎತ್ತಿಕೊಂಡ, ಹಾರಿದ. ಅಯ್ಯ, ತೇಲಿ ಬಂದ ತೊಲಿ ಎದ್ದ ಕಾಲಿಗೆ ಬಡೀತು, ನೀರಾಗ ಬಿದ್ದ. ಕಂಬಳಿ ಭಾರ ಆತು, ಹಾರಾಕ ಬರವಲ್ತು. ತಾ ಮುಳಗಿದ್ರೂ ಕೂಸನ್ನ ಮ್ಯಾಲ ಹಿಡದಾನ ನೋಡ್ರಿ. ಇನ್ನ ನಡಕೋತನ ಬರಾಕತ್ತಾನ." ಬಲತುದಿಗೆ ಬರುವ ಹೊತ್ತಿಗೆ ಅವಳ ಎರಡೂ ಕೈ ತಾವೇ ಮುಂದೆ ಚಾಚಿದ್ದವು. "ತಾ ಇಲ್ಲೆ" ಎಂದಳು, ಚಿತ್ರಕ್ಕೆ. "ಸಾಕ ದಣದಿ. ತಾ ಇಲ್ಲೆ ಕೂಸನ್ನ."

ಯಂತ್ರದವನೊಬ್ಬ ಚಪ್ಪಾಳೆ ಹೊಡೆದ. ಶಂಕರೆಪ್ಪನವರು ಅಷ್ಟು ಹೊತ್ತೂ ನೀಲಿ ಪೆನ್ಸಿಲ್ ಹಿಡಿದುಕೊಂಡೇ ನಿಂತಿದ್ದರು. ಅದನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು "ಇದರಾಗ ನಾ ಮಾತ ಹಾಕಿದ್ರ ಈ ತಾಯಿ ಮಾತಿಗೆ ಅಡ್ಡ ಬರ್ತಾವು. ಹಿಂಗ ಅಚ್ಚ ಮಾಡ್ತೇನಿ" ಎಂದರು.

ಅಬಿದಾ, ನನ್ನ ಪರದೆಗಳಿಗೆ ಬಹಳ ಊರುಗಳಲ್ಲಿ ಚಪ್ಪಾಳೆ ಬಿದ್ದಿವೆ. ಇಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ. ನಿನ್ನ ತಾಯಿಗೆ ಮಾತ್ರ ಈ ಗದ್ದಲ ಯಾಕೆಂದೇ ತಿಳಿದಿಲ್ಲ. ಬಸ್ಸಿನಲ್ಲಿ ಇಂಡಿಯ ತನಕ ಒಂದೇ ಪ್ರಶ್ನೆ: "ಇದರಾಗ ತಿಳಿಲಾರದ್ದು ಏನೈತಿ?"

ಬಾಬುಲಾಲ


ಮುದ್ದೇಬಿಹಾಳ
೩೦ ಅಕ್ಟೋಬರ್ ೧೯೬೪

ಅಪ್ಪಾ, ಅವ್ವಾ,

ಪುಸ್ತಕ ಬಂತು, ಎರಡು ಪ್ರತಿ ಕಳಿಸಿದ್ದೇನೆ. ಮೂಲಚಿತ್ರವನ್ನು ಶಂಕರೆಪ್ಪನವರು ಜೋಪಾನವಾಗಿ ಹಿಂದಿರುಗಿಸಿದ್ದಾರೆ. ಅದು ನಿಮ್ಮ ಗೋಡೆಗೆ.

ಇವರು ಒಂದು ಪ್ರತಿಯನ್ನು ಬಸ್ಸಿಗೆ ಒಯ್ದಿದ್ದರು. ಮುಂದಿನ ಸೀಟಿನಿಂದ ಹಿಂದಿನ ಸೀಟಿಗೆ ಅದು ಕೈ ಬದಲಿಸುತ್ತ ಹೋಯಿತಂತೆ. ಮನಗೂಳಿ ಬಂದಾಗ ಇಳಿಯಬೇಕಾದ ಐದು ಜನ, ಆ ಕೂಸು ದಂಡೆ ಮುಟ್ಟುವ ತನಕ ಇಳಿಯುವುದಿಲ್ಲ ಎಂದು ಕೂತರಂತೆ. ಡ್ರೈವರ್ ಹಾರ್ನ್ ಹೊಡೆದದ್ದೇ ಹೊಡೆದದ್ದು. ಒಂದು ಮಾತೂ ಇಲ್ಲದ ಪುಟ ಅಪ್ಪಾ. ನಾನು ಮನೆಯಲ್ಲಿ ಒಬ್ಬಳೇ ಕುಣಿಯುವುದೊಂದು ಬಾಕಿ, ಅದಕ್ಕೂ ಡಾಕ್ಟರರ ಅಡ್ಡಿ.

ರಕ್ಷಾಪುಟದ ಕೆಳಗೆ ನೋಡಿರಿ. ಚಿತ್ರಗಳು: ಅಬಿದಾ ಬಾಬುಲಾಲ. ಬೇರೆ ಹೆಸರು ನನಗೆ ಹೊಳೆಯಲಿಲ್ಲ.

ಅಬಿದಾ


ಇಂಡಿ
೧೨ ನವೆಂಬರ್ ೧೯೬೪

ಅಬಿದಾ,

ಹೆಸರು ನೋಡಿದೆ. ಅದರ ಬಗ್ಗೆ ಬರೆಯಲು ಕೂತರೆ ಅಕ್ಷರ ಕೆಡುತ್ತವೆ, ಬಿಡು.

ಕಂಪನಿ ಮುರಿದ ಮೇಲೆ ಚನ್ನಬಸಯ್ಯ ಪರದೆಗಳನ್ನು ನನಗೇ ಒಪ್ಪಿಸಿ ಹೋಗಿದ್ದ. ನಿನ್ನೆ ಹೊಳೆಯ ಪರದೆಯನ್ನು ಅಂಗಳದಲ್ಲಿ ಬಿಡಿಸಿದೆ. ಆ ದಿನ ನೀನು ಪಾದವನ್ನು ತಿದ್ದಿದ್ದು ಎಣ್ಣೆಬಣ್ಣದಲ್ಲಿ. ಮರುದಿನ ಸಿಟ್ಟಿನಲ್ಲಿ ನಾನು ಅದರ ಮೇಲೆ ಬಳಿದದ್ದು ಅಂಟು ಕಲಸಿದ ಪುಡಿಬಣ್ಣ, ನೀರು ತಾಗಿದರೆ ಹೋಗುವಂಥದ್ದು. ಎಣ್ಣೆಬಣ್ಣದ ಡಬ್ಬಿ ಕಾಲ ಬಳಿಯೇ ಇತ್ತು. ಅದನ್ನು ಯಾಕೆ ಮುಟ್ಟಲಿಲ್ಲ ಎಂದು ನನ್ನನ್ನು ಕೇಳಬೇಡ.

ಒದ್ದೆ ಬಟ್ಟೆ ತೆಗೆದುಕೊಂಡು ಒರೆಸಿದೆ. ನನ್ನ ಪಾದ ಹೋಯಿತು, ಕೆಳಗೆ ನಿನ್ನ ಪಾದ ಹಾಗೆಯೇ ಇದೆ. ಅಂಬಿಗ ಪಾದ ಊರಿ ಗಟ್ಟಿಯಾಗಿ ನಿಂತಿದ್ದಾನೆ. ನಿನ್ನ ತಾಯಿ ನೋಡಿ "ಅಂತೂ ನೆಟ್ಟಗ ನಿಂತ, ಇಷ್ಟ ದಿನಾ ಬೀಳಾಕತ್ತಿದ್ದ" ಎಂದಳು. ಅವಳಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು.

ಡಾಕ್ಟರು ಈಗ ಬಸ್ಸಿಗೆ ಒಪ್ಪಿದ್ದಾರೆಂದು ಅಳಿಯ ಹೇಳಿ ಕಳಿಸಿದ್ದಾರೆ, ಹೆರಿಗೆಗೆ ನಿನ್ನನ್ನು ಕರೆತರಲು ಬರುವ ಸೋಮವಾರ ನಾನೇ ಬರುತ್ತೇನೆ. ಕುಂಚಗಳನ್ನೂ ಕಟ್ಟಿಕೋ. ಆ ಪರದೆಯ ಆಕಾಶ ಮೊದಲಿನಿಂದಲೂ ಖಾಲಿ ಇದೆ, ಅಲ್ಲಿ ನಿನ್ನ ಕಂಬಳಿವೀರನನ್ನು ಹಾರಿಸಬೇಕು. ಕಂಬಳಿ ನಾನು ಬರೆಯುತ್ತೇನೆ. ಪಾದ ನಿನಗೆ ಬಿಟ್ಟಿದ್ದೇನೆ.

ನಿನ್ನ ಅಪ್ಪ
ಬಾಬುಲಾಲ